ಫೋನ್ ಪಕ್ಕಕ್ಕಿಟ್ಟು ಆಡಿದ ಮಾತು

ಅಮ್ಮನಿಗೆ ನಮಸ್ಕಾರ.

ಇದನ್ನು ಅಕ್ಕನ ಫೋನಿಗೆ ಕಳಿಸುತ್ತಿದ್ದೇನೆ. ಅವಳನ್ನು ಬೈಯಬೇಡ, ಅವಳು ನನಗೇನೂ ಹೇಳಿಲ್ಲ.

ನಮ್ಮಿಂದ ಏನಾದರೂ ಮುಚ್ಚಿಡಬೇಕಾದಾಗಲೆಲ್ಲ ನೀನೂ ಚಿಕ್ಕಮ್ಮನೂ ನಿಮ್ಮ ತವರಿನ ಭಾಷೆಗೆ ಇಳಿಯುತ್ತಿದ್ದಿರಿ. ತಿಂಡಿ ಡಬ್ಬಿ ಬಚ್ಚಿಟ್ಟ ಜಾಗದಿಂದ ಹಿಡಿದು ಅಕ್ಕನಿಗೆ ಬಂದ ಸಂಬಂಧದವರೆಗೆ ಎಲ್ಲವೂ ನಮ್ಮ ಕಿವಿಗೆ ಬೀಳುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ.

ಇಲ್ಲಿ ವಿಶ್ವವಿದ್ಯಾಲಯದ ನಮ್ಮ ವಿಭಾಗದಲ್ಲಿ ಕೆಲವೇ ಜನ ಆಡುವ ಭಾಷೆಯೊಂದನ್ನು ಕಲಿಯಲೇಬೇಕು. ನಾನು ನಿಮ್ಮದನ್ನೇ ಆರಿಸಿಕೊಂಡೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತೀಯಲ್ಲ, ಹಾಗಾಯಿತು. ನಮ್ಮ ಅಡುಗೆಮನೆಯ ಮಾತು ಕಲಿಯಲು ಕಡಲು ದಾಟಿ ಬಂದೆ. ರಜೆಗೆ ಬಂದಾಗ ನಿಮ್ಮಿಬ್ಬರ ಮಧ್ಯೆ ಥಟ್ಟನೆ ಬಾಯಿ ಹಾಕೋಣವೆಂದು ಇದನ್ನು ನಿನಗೆ ಹೇಳಿರಲಿಲ್ಲ.

ನಿನ್ನೆ ಫೋನಿನಲ್ಲಿ ನೀನು, "ಅಪ್ಪ ಉಂಡು ಮಲಗಿದಾರೆ ಕಣೇ, ಎಬ್ಬಿಸೋದು ಬೇಡ" ಅಂದೆ. ಆಮೇಲೆ ಫೋನ್ ಪಕ್ಕಕ್ಕಿಟ್ಟು ಚಿಕ್ಕಮ್ಮನಿಗೆ ನಿಮ್ಮ ಭಾಷೆಯಲ್ಲಿ ಹೇಳಿದೆ: ಅಪ್ಪ ಆಸ್ಪತ್ರೆಯಲ್ಲಿದ್ದಾರೆ, ಸೋಮವಾರ ಹೃದಯದ ಆಪರೇಷನ್, ಗೊತ್ತಾದರೆ ಇವಳು ಪರೀಕ್ಷೆ ಬಿಟ್ಟು ಓಡಿ ಬರುತ್ತಾಳೆ.

ಬರುವುದಿಲ್ಲ. ಪರೀಕ್ಷೆ ಬರೆಯುತ್ತೇನೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಅಪ್ಪನ ಕನ್ನಡಕ ದಿಂಬಿನ ಕೆಳಗೆ ಇಡಬೇಡ, ಮುರಿದೀತು. ನನಗೆ ಗೊತ್ತೆಂದು ಅವರಿಗೆ ಹೇಳುವುದೂ ಬೇಡ.

ಆಪರೇಷನ್ ಮುಗಿದ ಕೂಡಲೇ ಫೋನ್ ಮಾಡು. ಏನೇ ಆಗಿರಲಿ, ನನಗೆ ಹೇಳಲು ಬಾಯಿ ಬಾರದಿದ್ದರೆ ಎಂದಿನಂತೆ ಫೋನ್ ಪಕ್ಕಕ್ಕಿಟ್ಟು ಚಿಕ್ಕಮ್ಮನಿಗೆ ಹೇಳು. ನಾನು ಕೇಳಿಸಿಕೊಳ್ಳುತ್ತೇನೆ.

ಇಂತಿ,
ನಿನ್ನ ಕಿರಿ ಮಗಳು