ಬೇಗ ಎದ್ದ ಬಾವುಟ

ಜೂನ್ 4, ಬುಧವಾರ

ಇವತ್ತೂ ಲೋಟಗಳ ಆಟ. ಮೇಜು ಒರೆಸಿ ಕೈ ತೊಳೆಯುವಷ್ಟರಲ್ಲಿ ಇವರು ಸ್ಟೀಲ್ ಲೋಟ, ಪ್ಲಾಸ್ಟಿಕ್ ಲೋಟ ಎಲ್ಲಾ ಜೋಡಿಸಿ ಕೂತಿದ್ದರು. ಸ್ಟೀಲು ಗೋಲು ಕಾಯುವವರು, ಪ್ಲಾಸ್ಟಿಕ್ಕು ನುಗ್ಗುವವರು. ನಾನು ಒಂದು ಕೈಯಲ್ಲಿ ಲೋಟ ಸರಿಸುತ್ತಾ ಇನ್ನೊಂದು ಕೈಯಲ್ಲಿ ಚಮಚದಿಂದ ಮೇಜು ಕುಟ್ಟಬೇಕು — ಅದೇ ಚೆಂಡು ಒದ್ದ ಕ್ಷಣ. ಆಗ ಪ್ಲಾಸ್ಟಿಕ್ ಲೋಟ ಕೊನೆಯ ಸ್ಟೀಲ್ ಲೋಟವನ್ನು ದಾಟಿತ್ತೋ ಇಲ್ಲವೋ ಇವರು ಹೇಳಬೇಕು. ದಾಟಿದ್ದರೆ ಆಫ್‌ಸೈಡ್, ಫುಟ್‌ಬಾಲ್‌ನಲ್ಲಿ ಅದು ತಪ್ಪು; ಅದಕ್ಕೆ ಬಾವುಟ ಎತ್ತುವ ಲೈನ್ಸ್‌ಮನ್ ಇವರು.

ಮದುವೆಯಾದಾಗಿನಿಂದ ಇದೇ. ಬೇರೆ ಗಂಡಂದಿರು ಹೆಂಡತಿಯನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಾರೆ, ನನಗೆ ಲೋಟ. ಆದರೆ ಇವರು ತಪ್ಪು ಹೇಳಿದ್ದು ಮಾತ್ರ ನೆನಪಿಲ್ಲ. ಇವತ್ತು ಬೇಕಂತಲೇ ಕುಟ್ಟಿದ ಮೇಲೆ ಒಂದಿಷ್ಟು ಸರಿಸಿದೆ.

"ಕಳ್ಳಿ. ಆಮೇಲೆ ಸರಿಸ್ದೆ."

ಈಗ ಹೊಸ ತಲೆನೋವು — ಗೊತ್ತಾದ ಕೂಡಲೇ ಬಾವುಟ ಎತ್ತಬಾರದಂತೆ. ಗೋಲು ಆಗುವ ಹಾಗಿದ್ದರೆ ಕಾಯಬೇಕು. ಚೆಂಡು ಒಳಗೋ ಹೊರಗೋ ಹೋಗಲಿ, ಆಮೇಲೆ ಎತ್ತು. ತಪ್ಪಿದ್ದರೆ ಕ್ಯಾಮೆರಾ ನೋಡಿ ತಿದ್ದುತ್ತಾರೆ.

"ಮೊದಲೇ ಎತ್ತಿದ್ರೆ?" ಕೇಳಿದೆ.

"ರೆಫ್ರಿ ಸೀಟಿ ಊದ್ತಾನೆ. ಊದಿದ್ಮೇಲೆ ಆಟ ಸತ್ತ ಹಾಗೆ. ಯಾವ ಕ್ಯಾಮೆರಾನೂ ಬದುಕಿಸಲ್ಲ." ಬಲಗೈ ನೋಡಿಕೊಂಡು ಅದನ್ನೇ ಬೈದರು. "ಇಷ್ಟು ವರ್ಷ ಟಕ್ ಅಂತ ಎದ್ದ ಕೈ ಇದು. ಕಾಯೋದು ಕಲಿಸ್ಬೇಕು ಇದಕ್ಕೆ."

ಕಷ್ಟವೇ. ಹಗಲೆಲ್ಲಾ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಾ, ಕಲಿಯುವವರಿಗಿಂತ ಮೊದಲೇ ಬ್ರೇಕ್ ಒತ್ತುವ ಮನುಷ್ಯ.

ಜೂನ್ 9, ಸೋಮವಾರ

ಹೋದರು. ಬೀದಿಗೆ ಬೀದಿಯೇ ಗೇಟಿನ ಹತ್ತಿರ ನಿಂತಿತ್ತು. ನಮ್ಮ ದೇಶದ ತಂಡ ಈ ವಿಶ್ವಕಪ್‌ನ ಬಾಗಿಲೂ ಕಂಡಿಲ್ಲ. ಹೋಗುತ್ತಿರುವವರು ಇವರೊಬ್ಬರೇ, ಅದೂ ಆಡಲು ಅಲ್ಲ, ಗೆರೆಯ ಪಕ್ಕ ಓಡಲು. ಆದರೂ ಮೇಲಿನ ಮನೆಯವರು ಹಾರ ತಂದಿದ್ದರು. ಇವರಿಗೆ ಮುಂದಿನ ವರ್ಷ ವಯಸ್ಸು ಮೀರುತ್ತದೆ. ಇದೇ ಮೊದಲು, ಇದೇ ಕೊನೆ.

ನಾನು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್‌ನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ಹಲ್ಲು ನೋವೆಂದು ಕೆನ್ನೆ ಹಿಡಿದು ಬಂದವರಿಗೂ ಹೇಳಿದೆ. ಡಾಕ್ಟರಮ್ಮ ಕಾಯುವ ಕೋಣೆಗೆ ಟಿವಿ ಹಾಕಿಸುತ್ತಾರಂತೆ. ಎದೆ ಇಷ್ಟಗಲ ಆಗಿದೆ. ಆಗಲಿ ಬಿಡು, ಯಾವಾಗ ಆಗಿತ್ತು.

ಜೂನ್ 15, ಭಾನುವಾರ

ಮೊದಲ ಮ್ಯಾಚು. ಅತ್ತೆ ಟಿವಿಯ ಅಂಚನ್ನೇ ನೋಡುತ್ತಾ ಕೂತರು. ಚೆಂಡು ಎಲ್ಲಿದೆಯೋ ಯಾರು ಗೆದ್ದರೋ ಅವರಿಗೆ ಬೇಡ.

"ಬಂತು, ಇವನ ಕಾಲು ಬಂತು! ಹೋಯ್ತು... ಆ ಕ್ಯಾಮೆರಾದವನಿಗೆ ಬುದ್ಧಿ ಇಲ್ಲ ಕಣೇ, ಬರೀ ಆಡೋರನ್ನೇ ತೋರಿಸ್ತಾನೆ."

ಚೆನ್ನಾಗಿಯೇ ಮಾಡಿದರು. ಒಂದು ಸಲ ಆಟಗಾರ ಒಬ್ಬನೇ ಅಷ್ಟು ದೂರ ಓಡಿ, ಹೊಡೆದು, ಚೆಂಡು ಹೊರಗೆ ಹೋದ ಮೇಲೆ ಬಾವುಟ ಎತ್ತಿದರು. ನಿಯಮದ ಪ್ರಕಾರವೇ. ಲೋಟದಲ್ಲಿ ಎಷ್ಟು ಸಲ ಮಾಡಿದ್ದೇವೆ.

ಜೂನ್ 16, ಸೋಮವಾರ

ನಿಯಮ ಯಾರಿಗೆ ಬೇಕು. ಇವರು ಬಾವುಟ ಎತ್ತಿದ್ದನ್ನು ಯಾರೋ ಕತ್ತರಿಸಿ, ಅದಕ್ಕೆ ಗೊರಕೆಯ ಸದ್ದು ಸೇರಿಸಿ ಬಿಟ್ಟಿದ್ದಾರೆ. ಎಲ್ಲರ ಫೋನಿನಲ್ಲೂ ಅದೇ. ಹಾರ ತಂದ ಮೇಲಿನ ಮನೆಯವರೇ ಮೆಟ್ಟಿಲ ಮೇಲೆ ತೋರಿಸಿದರು.

ಕ್ಲಿನಿಕ್‌ನಲ್ಲಿ ಡಾಕ್ಟರಮ್ಮ: "ನಿಮ್ಮೆಜಮಾನ್ರಿಗೆ ಒಂದು ಅಲಾರಂ ಕೊಡಿಸಿ." ಬಾಯಲ್ಲಿ ಹತ್ತಿ ಇಟ್ಟುಕೊಂಡಿದ್ದವರೂ ಕಿಸಕ್ಕೆಂದರು.

ನನಗೆ ಗೊತ್ತಿತ್ತು ಯಾಕೆ ತಡ ಮಾಡಿದರು ಎಂದು. ಎರಡು ಮಾತಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ನಾನೂ ನಕ್ಕೆ.

ಜೂನ್ 17, ಮಂಗಳವಾರ

ಫೋನ್ ಬಂತು. ನಾಡಿದ್ದು ಇನ್ನೊಂದು ದೊಡ್ಡ ಮ್ಯಾಚು, ಅದಕ್ಕೂ ಇವರನ್ನೇ ಹಾಕಿದ್ದಾರೆ. ದನಿಯಲ್ಲಿ ಖುಷಿ. ನಾನು ಖುಷಿ ಪಡಬೇಕಿತ್ತು.

"ಜನ ನಗ್ತಿದಾರೆ ರೀ. ನಿದ್ದೆಗಣ್ಣಿನ ಲೈನ್ಸ್‌ಮನ್ ಅಂತಾರೆ. ನಂಗೆ ಬೀದೀಲಿ ತಲೆ ಎತ್ತೋಕಾಗ್ತಿಲ್ಲ."

"ನಿಂಗೆ ನಿಯಮ ಗೊತ್ತಲ್ಲ."

"ನಂಗೆ ಗೊತ್ತು, ಅವ್ರಿಗೆ ಗೊತ್ತಿಲ್ವಲ್ಲ! ಒಂದೇ ಒಂದ್ಸಲ ಟಕ್ ಅಂತ ಎತ್ತಿ ತೋರಿಸಿ. ಬಾಯಿ ಮುಚ್ಚಲಿ ಎಲ್ರೂ."

ಇವರು ಮಾತು ತಿರುಗಿಸಿದರು — "ಅಮ್ಮ ಮಾತ್ರೆ ತಗೊಂಡ್ರಾ?"

ಇಟ್ಟ ಮೇಲೆ ಮನಸ್ಸು ಹಗುರಾಯಿತು. ಹೇಳಬೇಕಾದ್ದು ಹೇಳಿದೆ.

ಜೂನ್ 19, ಗುರುವಾರ

ಎತ್ತಿಬಿಟ್ಟರು.

ಜೂನ್ 20, ಶುಕ್ರವಾರ, ಬೆಳಿಗ್ಗೆ

ನಿನ್ನೆ ಹೆಚ್ಚು ಬರೆಯಲು ಆಗಲಿಲ್ಲ. ಮ್ಯಾಚು ಮುಗಿಯುತ್ತಾ ಬಂದಿತ್ತು. ಹಸಿರು ಅಂಗಿಯವರಿಗೆ ಒಂದು ಗೋಲು ಬೇಕು, ಇಲ್ಲದಿದ್ದರೆ ಮನೆಗೆ. ಉದ್ದಕ್ಕೆ ಒದ್ದರು. ಅವರ ಮುಂದಿನ ಸಾಲಿನ ಆಟಗಾರ ಓಡಿದ. ನಾನು ಸೋಫಾದಲ್ಲಿ ಕೂತೇ ನೋಡಿದೆ — ದಾಟಿಲ್ಲ. ಇವರ ಕೈ ಟಕ್ ಅಂತ ಎದ್ದಿತು. ನಾನು ಹೇಳಿದ ಹಾಗೆಯೇ, ಟಕ್ ಅಂತ. ಸೀಟಿ. ಆ ಹುಡುಗ ಅದು ಕೇಳಿಸದೆ ಹೊಡೆದ, ಚೆಂಡು ಬಲೆಯೊಳಗೆ.

ಲೆಕ್ಕಕ್ಕಿಲ್ಲ. ಸೀಟಿ ಊದಿಯಾಗಿತ್ತು. ಮತ್ತೆ ಮತ್ತೆ ತೋರಿಸಿದರು. ಹಸಿರಿನವನು ಒಂದು ಹೆಜ್ಜೆ ಹಿಂದೆಯೇ ಇದ್ದ. ಆಮೇಲೆ ಅವರೆಲ್ಲ ಹುಲ್ಲಿನ ಮೇಲೆ ಕೂತು ಅತ್ತರು. ಇವರು ಗೆರೆಯ ಪಕ್ಕ ನಿಂತೇ ಇದ್ದರು, ಬಾವುಟ ಕಾಲಿಗೆ ಒತ್ತಿಕೊಂಡು.

ಅತ್ತೆ ಚಪ್ಪಾಳೆ ತಟ್ಟಿದರು. "ಇವತ್ತು ಪೂರ್ತಿ ಕಂಡ ನೋಡು ಇವನು! ಎಷ್ಟು ಸಲ ತೋರಿಸಿದ್ರು!"

 ಕ್ಲಿನಿಕ್‌ಗೆ ಹೊತ್ತಾಯಿತು.

ಅದೇ ದಿನ, ಸಂಜೆ

ಇದನ್ನು ಬರೆಯಬಾರದು ಎಂದುಕೊಂಡಿದ್ದೆ.

ಹೊಸ ಪೇಷೆಂಟ್ ಒಬ್ಬರು, ದವಡೆ ಊದಿತ್ತು. ಕೌಂಟರಿಗೆ ಮೊಣಕೈ ಊರಿ ಕೇಳಿದರು, "ಆ ಕುರುಡ ಲೈನ್ಸ್‌ಮನ್ ಇದೇ ಏರಿಯಾದವನಂತೆ? ನಿಮಗೆ ಗೊತ್ತಾ?"

"ಇರಬಹುದು," ಅಂದೆ. "ನನಗೆ ಗೊತ್ತಿಲ್ಲ."

ಒಳಗಿನಿಂದ ಡ್ರಿಲ್ಲಿನ ಸದ್ದು ನಿಂತಿತು. ಡಾಕ್ಟರಮ್ಮ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು.   ನಾನು ಪೇಷೆಂಟಿಗೆ ಮುಂದಿನ ಅಪಾಯಿಂಟ್‌ಮೆಂಟ್ ಬರೆದುಕೊಟ್ಟೆ, ದಿನಕ್ಕೆರಡು ಸಲ ಉಪ್ಪುನೀರು ಮುಕ್ಕಳಿಸಿ ಎಂದೂ ಹೇಳಿದೆ. ನನ್ನ ಬಾಯನ್ನೇ ಮೊದಲು ತೊಳೆಯಬೇಕು.

ಜೂನ್ 26, ಗುರುವಾರ

ಬಂದರು. ವಾಪಸ್ ಕಳಿಸಿಬಿಟ್ಟರು. ಗೇಟಿನ ಹತ್ತಿರ ಯಾರೂ ಇರಲಿಲ್ಲ. ಮೇಲಿನ ಮನೆಯ ಕಿಟಕಿಯ ಪರದೆ ಮಾತ್ರ ಅಲ್ಲಾಡಿತು.

ಚೀಲ ಬಿಚ್ಚಲಿಲ್ಲ. ಬಾವುಟ, ಬೂಟು, ಅಂಗಿ ಎಲ್ಲ ಹಾಗೇ ಅಟ್ಟಕ್ಕೆ. ಇನ್ನು ಯಾವ ಮೈದಾನಕ್ಕೂ ಹೋಗುವುದಿಲ್ಲವಂತೆ, ಶಾಲೆ ಮಕ್ಕಳ ಮ್ಯಾಚಿಗೂ ಇಲ್ಲ. ಅಸೋಸಿಯೇಷನ್ನಿಗೆ ಫೋನ್ ಮಾಡಿ ಹೇಳಿಯೂ ಆಯಿತು. ಮೈದಾನ ಇಲ್ಲದೆ ಇವರು ಹೇಗಿರುತ್ತಾರೋ ನನಗೆ ಗೊತ್ತಿಲ್ಲ. ನೋಡಿಯೇ ಇಲ್ಲ.

"ಕಣ್ಣು ಹೋಗಿದೆ ಕಣೆ," ಅಂದರು. "ಅಷ್ಟು ಹಿಂದಿದ್ದವನು ಮುಂದೆ ಕಂಡ ಅಂದ್ರೆ, ಕಣ್ಣೇ ಹೋಗಿದೆ."

ಕಣ್ಣಲ್ಲ ರೀ ಎನ್ನಬೇಕಿತ್ತು. ಟೀ ಬೇಕಾ ಅಂದೆ.

ಜೂನ್ 28, ಶನಿವಾರ

ಬಾತ್‌ರೂಮಿನ ಕನ್ನಡಿಯ ಮುಂದೆ ಹೇಳಿ ನೋಡಿದೆ. "ನಾನು ಹೇಳಿದ್ದಕ್ಕೇ ನೀವು..." ಅಷ್ಟಕ್ಕೇ ನಿಂತಿತು. ಅವತ್ತು ಫೋನಿನಲ್ಲಿ ಎಷ್ಟು ಸಲೀಸಾಗಿ ಓಡಿತ್ತು ಈ ನಾಲಿಗೆ!

ಡ್ರೈವಿಂಗ್ ಕಲಿಯುವವರೂ ಕಡಿಮೆಯಾಗಿದ್ದಾರೆ. ಕುರುಡ ಮಾಸ್ತರು ಅಂತ ಯಾರೋ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರಂತೆ. ಇವರೇ ಒರೆಸಿ ಬಂದು, ಇವರೇ ನಗುತ್ತಾ ಹೇಳಿದರು. 

ಜುಲೈ 1, ಮಂಗಳವಾರ

ಕಣ್ಣಿನ ಆಸ್ಪತ್ರೆ. ನಾನೂ ಹೋದೆ. ಎಲ್ಲ ಅಕ್ಷರ ಓದಿದರು, ಕೊನೆಯ ಸಾಲಿನ ಇರುವೆಯಂಥ ಅಕ್ಷರಗಳನ್ನೂ. ಹನಿ ಹಾಕಿ, ದೀಪ ಬಿಟ್ಟು ನೋಡಿದರು.

"ಏನೂ ಆಗಿಲ್ಲ ಸಾರ್. ಈ ವಯಸ್ಸಿಗೆ ಇಂಥ ಕಣ್ಣು ಅಪರೂಪ."

ಖುಷಿ ಪಡುತ್ತಾರೆ ಎಂದುಕೊಂಡೆ. ಮುಖ ಸೋತು ಹೋಯಿತು. "ಇನ್ನೊಂದ್ಸಲ ನೋಡಿ ಡಾಕ್ಟ್ರೇ," ಅಂತ ಗೋಗರೆದರು. ಒಂದು ಸಣ್ಣ ಕನ್ನಡಕಕ್ಕಾದರೂ ದಾರಿ ಇದೆಯಾ ಎಂದು ಕೇಳಿದರು.

ಹನಿ ಹಾಕಿದ್ದರಿಂದ ಹೊರಗೆ ಎಲ್ಲ ಮಂಜುಮಂಜು. ಕೈ ಹಿಡಿದು ರಸ್ತೆ ದಾಟಿಸಿದೆ. ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತೆವು. ಇವರಿಗೆ ನನ್ನ ಮುಖ ಸರಿಯಾಗಿ ಕಾಣುತ್ತಿಲ್ಲ ಎಂಬ ಧೈರ್ಯದ ಮೇಲೆ ಹೇಳಿದೆ. ನನ್ನ ಯೋಗ್ಯತೆ ಅಷ್ಟು.

"ತಪ್ಪು ನಿಮ್ಮ ಕಣ್ಣಿಂದಲ್ಲ ರೀ. ನನ್ನ ಬಾಯಿಂದ. ಬೇಗ ಎತ್ತಿ ಅಂದವಳು ನಾನು."

"ಗೊತ್ತು."

"ಗೊತ್ತಿದ್ದೂ ಕಣ್ಣು ತೋರ್ಸೋಕೆ ಬಂದ್ರಾ?"

 ಒಂದು ಬಸ್ಸು ಬಂದು ಹೋಯಿತು.

"ಕಣ್ಣು ಕೆಟ್ಟಿದೆ ಅಂದಿದ್ರೆ ಚೆನ್ನಾಗಿತ್ತು," ಅಂದರು. "ನಿನ್ನ ಮೇಲೆ ಕೋಪ ಮಾಡ್ಕೊಳ್ಳೋದು ತಪ್ತಿತ್ತು."

ಜುಲೈ 8, ಮಂಗಳವಾರ

ಮಾಡಿಕೊಂಡಿದ್ದಾರೆ. ಜಗಳವಿಲ್ಲ, ದನಿ ಏರಿಲ್ಲ. ನನಗೆ ಹೇಳಬೇಕಾದ್ದನ್ನೆಲ್ಲ ಅತ್ತೆಗೆ ಹೇಳುತ್ತಾರೆ. "ಅಮ್ಮ, ಉಪ್ಪು ಈ ಕಡೆ ಕೊಡೋಕೆ ಹೇಳು." ಉಪ್ಪು ನನ್ನ ಕೈಯಲ್ಲೇ ಇರುತ್ತದೆ.

"ನಾನೇನು ನಿಮ್ಮಿಬ್ರ ಮಧ್ಯೆ ಪೋಸ್ಟ್‌ಮ್ಯಾನಾ?" ಎಂದು ಅತ್ತೆ ರೇಗಿದರು. ಏನಾಯಿತೆಂದು ಅವರಿಗೆ ಗೊತ್ತಿಲ್ಲ. ಇವರು ಹೇಳಿಲ್ಲ. ಅಸೋಸಿಯೇಷನ್ನಿನವರು ಹೇಳಿದರು, ಕಪ್‌ನಲ್ಲಿ ವಿಚಾರಣೆ ಮಾಡಿದವರಿಗೂ ಇವರು ಹೇಳಿಲ್ಲವಂತೆ — ಯಾರಾದರೂ ಒತ್ತಡ ತಂದರಾ ಎಂದು ಕೇಳಿದ್ದಕ್ಕೆ ಇಲ್ಲ ಎಂದರಂತೆ. ಮಾತಾಡುವುದು ಬಿಟ್ಟಿದ್ದಾರೆ, ನನ್ನನ್ನು ಬಿಟ್ಟುಕೊಟ್ಟಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಜುಲೈ 10, ಗುರುವಾರ

ಊದಿದ ದವಡೆಯವರು ಮತ್ತೆ ಬಂದರು. ಊತ ಇಳಿದಿದೆ. ಅವರು ಕೇಳಲೂ ಇಲ್ಲ, ನಾನೇ ಹೇಳಿದೆ. "ಅವತ್ತು ಕೇಳಿದ್ರಲ್ಲ, ಆ ಲೈನ್ಸ್‌ಮನ್. ಅವ್ರು ನಮ್ಮ ಯಜಮಾನ್ರು. ಕುರುಡರಲ್ಲ. ನಾನೇ ಆಸ್ಪತ್ರೆಗೆ ಹೋಗಿದ್ದೆ."

ಪಾಪ, ಆ ಮನುಷ್ಯ ಕೆಂಪಗಾಗಿ ಕ್ಷಮೆ ಕೇಳಿದರು. ಮೊದಲ ಮ್ಯಾಚಿನಲ್ಲಿ ಯಾಕೆ ತಡ ಮಾಡಿದರು ಎಂದೂ ವಿವರಿಸಿದೆ, ಕೌಂಟರಿನ ಮೇಲೆ ಪೆನ್ನು, ಸ್ಟೇಪ್ಲರ್ ಇಟ್ಟು ತೋರಿಸಿದೆ. ಡಾಕ್ಟರಮ್ಮನೂ ಬಂದು ನೋಡಿದರು.

"ಹಾಗಾದ್ರೆ ಎರಡನೇ ಸಲ ಯಾಕೆ ಬೇಗ ಎತ್ತಿದ್ರು?" ಡಾಕ್ಟರಮ್ಮ ಕೇಳಿದರು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಫೋನ್ ರಿಂಗಾಯಿತು. ಎತ್ತಿಕೊಂಡೆ. ಆ ಮಾತು ಅಲ್ಲಿಗೇ ಉಳಿಯಿತು. ಅರ್ಧ ಮರ್ಯಾದೆ ಇವರಿಗೆ ವಾಪಸ್ ಕೊಟ್ಟೆ, ಇನ್ನರ್ಧ ನನ್ನ ಹತ್ತಿರವೇ ಇಟ್ಟುಕೊಂಡೆ. ಛೀ.

ಜುಲೈ 13, ಭಾನುವಾರ

ಇವತ್ತು ಫೈನಲ್. ಅತ್ತೆ ಟಿವಿಯ ಅಂಚು ನೋಡುತ್ತಾ, "ಇವ್ನು ಯಾರು? ನಮ್ಮವನ ಹಾಗೆ ಓಡಲ್ಲಪ್ಪ ಇವ್ನು," ಅಂದರು. ಇವರು ಎದ್ದು ಒಳಗೆ ಹೋದರು. ಅಟ್ಟದಿಂದ ಚೀಲ ಇಳಿಸಿದ ಸದ್ದಾಯಿತು.

ನಾನು ಎದ್ದು ಬಂದು ರೂಮಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನಾಳೆ ಡಾಕ್ಟರಮ್ಮನಿಗೆ ಉಳಿದರ್ಧ ಹೇಳಬೇಕು. ಫೋನ್ ರಿಂಗಾದರೂ ಎತ್ತಬಾರದು.

ಅಡುಗೆಮನೆಯಲ್ಲಿ ಲೋಟದ ಸದ್ದು. ಸ್ಟೀಲು ಮೊದಲು, ಆಮೇಲೆ ಪ್ಲಾಸ್ಟಿಕ್ಕು.

"ಬರ್ತೀಯಾ?"

ಅತ್ತೆಯನ್ನಲ್ಲ. ನನ್ನನ್ನು. ಆಸ್ಪತ್ರೆಯ ದಿನದಿಂದ ಇದೇ ಮೊದಲು.

"ನೀನು ಕುಟ್ಟು. ನಾನು ಕಾಯ್ತೀನಿ."

 ಯಾವ ಮುಖ ಹೊತ್ತು ಎದುರಿಗೆ ಕೂರಲಿ? ಚಮಚ ಎಲ್ಲಿಟ್ಟಿದ್ದೀಯ ಎಂದು ಕೇಳುತ್ತಿದ್ದಾರೆ. ಕೋಪ ಹೋಗಿಲ್ಲ, ದನಿಯಲ್ಲೇ ಇದೆ. ಆದರೂ ಕರೆದಿದ್ದಾರೆ. ಹೋಗಬೇಕು. ಇವತ್ತು ಕುಟ್ಟಿ ಸುಮ್ಮನೆ ಕೂರುತ್ತೇನೆ. ಎಷ್ಟು ಹೊತ್ತಾದರೂ ಆಗಲಿ, ಅವರ ಕೈ ತಾನಾಗಿ ಏಳುವವರೆಗೆ ನಾನು ಬಾಯಿ—