ಮೂರು ರಜೆ, ಮೂರು ಕ್ಯಾಪ್ಸೂಲ್

ಮನೆಯಿಂದ, ಮಾರ್ಚ್ ಹನ್ನೆರಡು, ಬೆಳಗಿನ ಆರು ಗಂಟೆ

ನನ್ನ ಮುದ್ದಿನ ಚೂಟಿಗೆ,

ಹೇಗಿದ್ದೀಯ ಮಗಳೇ? ಎದ್ದ ಕೂಡಲೇ ಬೆರಳು ಮಡಚಲು ಬರುತ್ತದೆಯೇ? ಬಾಚಣಿಗೆ ಹಿಡಿಯಲು ಆಗುತ್ತದೆಯೇ? ನನ್ನಿಂದ ನಿನಗೆ ಗುಂಗುರು ಕೂದಲಷ್ಟೇ ಬಂದಿದ್ದರೆ ಸಾಕಿತ್ತು, ಈ ಹಾಳು ಕೀಲುವಾತವೂ ಬಂತು. ಹೋದ ವಾರ ನೀನು, ಕೀಲಿನ ಮಾತ್ರೆ ಬಿಟ್ಟು ವಿಟಮಿನ್ ಡಿಯ ದೊಡ್ಡ ಡೋಸನ್ನೇ ದಿನಾ ನುಂಗುತ್ತಿದ್ದೇನೆ ಎಂದಾಗ ನಾನು ಕೂಗಾಡಿದೆ. ನೀನು ಫೋನ್ ಇಟ್ಟವಳು ಮತ್ತೆ ಎತ್ತಲೇ ಇಲ್ಲ. ಆ ಮೂಗಿನ ತುದಿಯ ಕೋಪವೂ ನನ್ನದೇ, ಯಾರನ್ನು ಬೈಯಲಿ? ಕಾಗದದಲ್ಲಾದರೆ ನನ್ನ ಗಂಟಲು ಏರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಹೇಳದೆ ಮುಚ್ಚಿಟ್ಟ ಸಂಗತಿ ಒಂದಿದೆ. ಹೋದ ವರ್ಷ ನನ್ನ ರಕ್ತದಲ್ಲಿ ವಿಟಮಿನ್ ಡಿ ತಳ ಕಂಡಿತ್ತು. ಡಾಕ್ಟರಮ್ಮ ದೊಡ್ಡ ಕ್ಯಾಪ್ಸೂಲ್ ಬರೆದು, "ವಾರಕ್ಕೆ ಒಂದೇ. ರಜೆ ದಿನ ತಗೊಳ್ಳಿ, ಮರೆಯಲ್ಲ" ಅಂದರು. ನಮ್ಮ ಮನೆಯ ರಜೆ ಅವರಿಗೇನು ಗೊತ್ತು? ಲಾಂಡ್ರಿಯಲ್ಲಿ ನನಗೆ ಮಂಗಳವಾರ, ಬಸ್ ಡಿಪೋದಲ್ಲಿ ನಿನ್ನಪ್ಪನಿಗೆ ಗುರುವಾರ, ಬೇಕರಿಯಲ್ಲಿ ನಿನ್ನಣ್ಣನಿಗೆ ಶನಿವಾರ. ಮನೆಯಲ್ಲಿ ಇದ್ದವರು ಅಡುಗೆ, ಮದ್ದು ಎಲ್ಲ ನೋಡಿಕೊಳ್ಳುವುದು ಮೊದಲಿಂದ ಬಂದ ಪದ್ಧತಿ ತಾನೇ? ಮೂವರೂ ಒಬ್ಬರಿಗೊಬ್ಬರು ಹೇಳದೆ ಒಂದೊಂದು ಡಬ್ಬಿ ತಂದಿಟ್ಟುಕೊಂಡಿದ್ದೆವು. ಮಂಗಳವಾರ ನಾನೇ ನುಂಗಿದೆ, ಉಳಿದಿಬ್ಬರು ಅವರವರ ರಜೆಯಲ್ಲಿ ಪ್ರೀತಿಯಿಂದ ಕೊಟ್ಟರು; ವಾರಕ್ಕೆ ಒಂದರ ಬದಲು ಮೂರು. ನಾನೋ, ಕೀಲಿನ ಮಾತ್ರೆಗಳ ಜೊತೆ ಅಂಗೈಗೆ ಬಂದದ್ದನ್ನೆಲ್ಲ ಕಣ್ಮುಚ್ಚಿ ಬಾಯಿಗೆ ಹಾಕಿಕೊಳ್ಳುವವಳು.

ಮೂರು ತಿಂಗಳಾದ ಮೇಲೆ ಬಾಯಾರಿಕೆ ಶುರುವಾಯಿತು. ಬಿಂದಿಗೆ ನೀರು ಕುಡಿದರೂ ತೀರದು. ವಾಂತಿ, ಮಂಕು. ಒಂದು ದಿನ ಇಸ್ತ್ರಿಪೆಟ್ಟಿಗೆ ಕೈಯಲ್ಲಿ ಹಿಡಿದುಕೊಂಡೇ ಅದನ್ನು ಹುಡುಕಿದೆ. ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರಿತ್ತು. ಇನ್ನೂ ತಡವಾಗಿದ್ದರೆ ಮೂತ್ರಪಿಂಡಕ್ಕೇ ಪೆಟ್ಟಾಗುತ್ತಿತ್ತಂತೆ. ನಾಲ್ಕು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದೆ. ನಿನ್ನಪ್ಪ ಮಂಚದ ಪಕ್ಕ ಕೂತು, "ನಾನೇ ನಿಂಗೆ ವಿಷ ಹಾಕ್ಬಿಟ್ನಲ್ಲೇ" ಎಂದು ಮಗುವಿನಂತೆ ಅತ್ತರು. ನನಗೆ ಭಯಕ್ಕಿಂತ ಅವರ ಮುಖ ನೋಡಿಯೇ ಹೆಚ್ಚು ಸಂಕಟವಾಯಿತು.

ಹಾಗಂತ ವಿಟಮಿನ್ನನ್ನು ದೂರುತ್ತಿಲ್ಲ ಕಣೇ. ಕೊರತೆ ನೀಗಿದ್ದರಿಂದಲೇ ನನ್ನ ತೊಡೆಗೆ ಕಸುವು ಬಂದದ್ದು, ಮೂಳೆ ನೋವು ಇಳಿದದ್ದು. ಡಾಕ್ಟರಮ್ಮ ಹೇಳಿದ್ದಿಷ್ಟೇ: "ಕಮ್ಮಿ ಇದ್ರೆ ತುಂಬ್ಕೋಬೇಕು, ತುಂಬಿದ್ಮೇಲೆ ಸುರೀಬಾರ್ದು. ಕೀಲಿನ ಮಾತ್ರೆಗೆ ಇದು ಬದಲಿ ಅಲ್ಲ." ಈಗ ರಕ್ತ ಸರಿಯಾಗಿದೆ. ಅವರು ಹೇಳಿದ ಪುಟ್ಟ ಡೋಸು, ಜೊತೆಗೆ ಕೀಲಿನ ಹಳೆಯ ಮಾತ್ರೆ. ಮತ್ತೆ ಲಾಂಡ್ರಿಗೆ ಹೋಗುತ್ತಿದ್ದೇನೆ. ದಿನಕ್ಕೆ ಅರವತ್ತು ಹಾಸುಬಟ್ಟೆ ಮಡಚುತ್ತೇನೆ, ನಂಬು. ನಿನಗೂ ಆಗುತ್ತದೆ. ನೋವು ತಡೆಯಲಾರದೆ ನೀನು ಹೀಗೆ ಮಾಡಿಕೊಂಡೆ ಎಂದು ನನಗೆ ತಿಳಿಯದೇ? ನಿನಗೆ ಏನಾದರೂ ಆದರೆ ನಾನು ತಡೆದುಕೊಳ್ಳಲಾರೆ.

ಅಪ್ಪ, ಅಣ್ಣ ನಿನ್ನನ್ನು ಬಹಳ ಕೇಳುತ್ತಾರೆ. ನೂರು ಕಾಲ ಚೆನ್ನಾಗಿರು.

ನಿನ್ನ ಸಿಡುಕಿ ಅಮ್ಮ

ವಿ.ಸೂ.: ಇದನ್ನು ಅಂಚೆಗೆ ಹಾಕಲಿಲ್ಲ. ಈ ಸಾಲು ಬರೆಯುತ್ತಿರುವುದು ನಿನ್ನ ಬಾಗಿಲ ಹೊರಗೆ, ಮೆಟ್ಟಿಲ ಮೇಲೆ ಕೂತು. ಮೂರು ಮಹಡಿಯನ್ನೂ ನಡೆದೇ ಹತ್ತಿದೆ. ಬೆಲ್ ಒತ್ತಿ ಕರೆದರೆ ನನ್ನ ದನಿ ಕೇಳಿ ನೀನು ಬಾಗಿಲು ತೆಗೆಯಲಿಕ್ಕಿಲ್ಲವೆಂದು ಕಾಗದವನ್ನು ಸಂದಿಯಲ್ಲಿ ತೂರಿಸುತ್ತಿದ್ದೇನೆ. ನಿನ್ನ ರಕ್ತವನ್ನೂ ಪರೀಕ್ಷೆ ಮಾಡಿಸೋಣ, ಲ್ಯಾಬಿನವರು ರಕ್ತ ತೆಗೆಯುವುದು ಹನ್ನೊಂದರವರೆಗೆ ಮಾತ್ರ. ಬೈಯುವುದಿಲ್ಲ, ನಿನ್ನಾಣೆ. ಬಾಗಿಲು ತೆಗಿ, ಚೂಟಿ.