ಒಣಗದ ನೀಲಿ

ಬುಧವಾರ

ಪ್ರೀತಿಯ ಅಕ್ಕ,

ಅಪ್ಪ ನದಿಗೆ ಸುಳ್ಳು ಬಳಿದಿದ್ದಾರೆ. ಕ್ಷೇಮಸಮಾಚಾರಕ್ಕೂ ಮೊದಲು ಇದನ್ನು ಹೇಳದೆ ಇರಲಾರೆ. ಮೂರು ತಿಂಗಳಿಂದ ಕಾಗದ ಹಾಕಲಿಲ್ಲವೆಂದು ಬೈಯುವುದಿದ್ದರೆ ಎದುರಿಗೇ ಬಂದು ಬೈ.

ಅಮ್ಮ ತೀರಿಕೊಂಡ ವರ್ಷ ಅಪ್ಪ ಬರೆದ ದೊಡ್ಡ ಎಣ್ಣೆಬಣ್ಣದ ಚಿತ್ರ ನೆನಪಿದೆಯಲ್ಲ: ಹೊಗೆಯಲ್ಲಿ ಮುಳುಗಿದ ಸಂಜೆ, ಮೂರು ಚಿಮಣಿ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಕೊಳವೆಯಿಂದ ನದಿಗೆ ಬೀಳುವ ತುಕ್ಕುಗೆಂಪು ನೀರು. ಸೋಮವಾರ ನದಿ ನೋಡಲು ತನಿಖೆಯವರು ಬರುತ್ತಾರೆ. ಅವರು ಕೂರುವ ಕೋಣೆಗೆ ಮ್ಯಾನೇಜರ್ ಆ ಚಿತ್ರವನ್ನೇ ಕೇಳಿದ. "ಪೇಂಟರೇ, ನದಿ ಅಂದ್ಮೇಲೆ ನೀಲಿ ಇರ್ಬೇಕಲ್ವಾ? ಈ ನೀರು ನೋಡಿದ್ರೆ ಬಂದವ್ರಿಗೆ ಟೀ ಗಂಟಲಲ್ಲಿ ಇಳಿಯಲ್ಲ" ಅಂದ. ಕಾರ್ಖಾನೆಯ ಬೋರ್ಡು ಬರೆದು ಕಾರ್ಖಾನೆಯದೇ ಮನೆಯಲ್ಲಿರುವ ಅಪ್ಪ ತಲೆಯಾಡಿಸಿದರು.

ನಾನು ಹಾರಾಡಿದೆ. ಸಾಕ್ಷಿ ಅಳಿಸುವವನೂ ತಪ್ಪಿತಸ್ಥನೇ ಎಂದು ನಮ್ಮ ನದಿ ಹೋರಾಟದ ಕರಪತ್ರ ಓದಿ ಹೇಳಿದೆ. "ಬಣ್ಣ ತಾನೇ ಮಗಳೇ, ಅದ್ರಿಂದ ನೀರೇನೂ ಬದಲಾಗಲ್ಲ" ಎಂದರು. "ಅದೇ ನನ್ನ ತಕರಾರು, ಅಪ್ಪ" ಎಂದೆ. ನಕ್ಕರು. ಆಮೇಲೆ ಮುಖ ತೊಳೆಯಲು ಹೋದವರು ಬಹಳ ಹೊತ್ತು ಬರಲಿಲ್ಲ.

ನೀಲಿ ಬಳಿದದ್ದು ನಿನ್ನೆ. ದಪ್ಪ ಬಣ್ಣ, ಇನ್ನೂ ಬೆರಳಿಗೆ ಹತ್ತುತ್ತದೆ. ಕೆಳಗಿನದು ಆರು ವರ್ಷ ಒಣಗಿ ಕಲ್ಲಾಗಿದೆ. ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಮೇಲಿನದು ಮಾತ್ರ ಏಳುತ್ತದೆ ಎಂದು ನಿನಗೆ ಕಲಿಸಿದ್ದು ಅಪ್ಪನೇ. ಗೋಡೆಗೆ ಘೋಷಣೆ ಬರೆದ ಕೈ ನನ್ನದು, ಒರಟು, ಕೆಳಗಿನದನ್ನೂ ಕಿತ್ತುಬಿಟ್ಟೇನು. ಸೋಮವಾರ ಬೆಳಿಗ್ಗೆ ಚಿತ್ರ ಗೋಡೆಗೇರುತ್ತದೆ, ನೀಲಿ ಅಲ್ಲೇ ಒಣಗಿಹೋಗುತ್ತದೆ. ಮನೆ ಹೋದರೆ ಹೋಗಲಿ ಅನ್ನುವುದು ನನಗೆ ಸುಲಭ, ಅಪ್ಪನಿಗಲ್ಲ; ಅದೂ ಗೊತ್ತು. ಆದರೂ ಬಾ ಅಕ್ಕ, ನೀಲಿ ಒರೆಸು. ನೀನಲ್ಲದೆ ನನಗೆ ಯಾರೂ ಇಲ್ಲ.

ಭಾವನಿಗೆ ನಮಸ್ಕಾರ. ಪುಟ್ಟಿಗೆ ಹಲ್ಲು ಬಂತಾ? ಅವಳ ಕಾಲಕ್ಕಾದರೂ ಈ ನೀರು ತಿಳಿಯಾಗಲಿ.

ನಿನ್ನ ತಂಗಿ

ಹೇಳಲಾಗದೆ ಉಳಿಸಿಕೊಂಡದ್ದು: ಚಿತ್ರದಲ್ಲಿ ಕೊಳವೆಯ ಕೆಳಗೆ, ಮೊಣಕಾಲುದ್ದ ನೀರಲ್ಲಿ ಬಗ್ಗಿ ಕಾರ್ಖಾನೆಯ ಬಟ್ಟೆ ಜಾಲಿಸುತ್ತಿದ್ದ ಅಮ್ಮನೂ ನೀಲಿಯಡಿ ಹೋದಳು. ಅವಳ ಬೇರೆ ಪಟ ನಮ್ಮಲ್ಲಿಲ್ಲ. ಅಲ್ಲಿಗೆ ಬಂದಾಗ ಅಪ್ಪ ಬಳಿಯಲಾರದೆ ಹಿಂದೆ ಸರಿದರು. ಕುಂಚ ನನಗೆ ಕೊಟ್ಟರು. ಅವರು ಅಳುವುದನ್ನು ನೋಡಲಾರದೆ ಅಮ್ಮನ ಮೇಲೆ ಬಳಿದವಳು ನಾನು. ಭಾನುವಾರ ಅಪ್ಪ ಚಿತ್ರಕ್ಕೆ ಚೌಕಟ್ಟು ತರಲು ಹೋಗಿರುತ್ತಾರೆ. ಸಂಜೆ ನಾಲ್ಕಕ್ಕೆ, ಹಿತ್ತಲ ಬಾಗಿಲಲ್ಲಿ ಕಾಯುತ್ತೇನೆ.